ಮುಳ್ಳಿನ ಮೀಟರೇ ಇರಲಿ

ಕಳಂಬೋಲಿಯ ಲಾರಿ ತಂಗುದಾಣದಲ್ಲಿ ನಾನು ಲಾರಿಗಳಿಗೆ ಮೀಟರ್ ಕೂರಿಸುತ್ತಿದ್ದ ಕಾಲ. ಮಾಲೀಕರೊಬ್ಬರು ತಮ್ಮ ಹಳೆಯ ಡೀಸೆಲ್ ಲಾರಿಗೆ ಡಿಜಿಟಲ್ ಡಿಸ್‌ಪ್ಲೇ ಹಾಕಿಸಲು ಬಂದರು. ಅವರ ಡ್ರೈವರ್, ವಿಜಯಪುರ ಕಡೆಯ ಬಸಣ್ಣ, ಒಪ್ಪಲಿಲ್ಲ.

"ಆಯಿಲಿಗೊಂದು, ಟೆಂಪರೇಚರಿಗೊಂದು, ಮುಳ್ಳಿನ ಮೀಟರೇ ಇರ್ಲಿರಿ."

ನಾನು ಡಿಸ್‌ಪ್ಲೇ ಹೊತ್ತಿಸಿ, "ಎಷ್ಟು ಸುಲಭ, ಓದಿ ನೋಡಿ" ಎಂದೆ. ಬಸಣ್ಣ ತಲೆ ಹಿಂದಕ್ಕೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡಿದ. ಮಾಲೀಕರು ಫೋನ್ ಬಂತೆಂದು ಆಚೆ ಹೋದಾಗ ಮೆಲ್ಲಗೆ ಹೇಳಿದ:

"ರಸ್ತಾ ಚಲೋ ಕಾಣ್ತದರಿ. ಹತ್ತಿರದ ಅಂಕಿನೇ ಕಾಣಂಗಿಲ್ಲ. ಮುಳ್ಳಾದ್ರ ಎಲ್ಲಿ ನಿಂತದ ಅಂತ ತಿಳೀತದ. ಸೇಠಗ ಗೊತ್ತಾದ್ರ ಗಾಡಿ ಕಸಗೋತಾನ."

"ಮೊದಲು ಕನ್ನಡಕ ಮಾಡಿಸಿಕೊಳ್ಳಿ" ಎಂದೆ. ಮಾಲೀಕರು ಬಂದ ಮೇಲೆ, ಈ ಎಂಜಿನ್ನಿಗೆ ಡಿಜಿಟಲ್ ಹೊಂದುವುದಿಲ್ಲವೆಂದು ಹೇಳಿ ಮುಳ್ಳಿನ ಮೀಟರ್‌ಗಳನ್ನೇ ಕೂರಿಸಿದೆ.

ಅದೇ ಎಂಜಿನ್ನಿನ ಅವರ ಇನ್ನೆರಡು ಲಾರಿಗಳಿಗೆ ಹಿಂದಿನ ತಿಂಗಳಷ್ಟೇ ನಾನೇ ಡಿಜಿಟಲ್ ಹಾಕಿದ್ದೆ. ಅವರು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ.