ಪಂಚಮಿಗೆ ಕಾರು ಕಳಿಸಿದ ತಮ್ಮ

ಈ ಸಲದ ಶ್ರಾವಣ ಶುದ್ಧ ಬಿದಿಗೆಯ ದಿನ ಮಧ್ಯಾಹ್ನ ಬೆಟಗೇರಿಯ ನಮ್ಮ ಮನೆ ಮುಂದೆ ಬಾಡಿಗೆ ಕಾರೊಂದು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಡ್ರೈವರ್ ಇದ್ದ. ಹಿಂದಿನ ಸೀಟಿನಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅಕ್ಕ ಇರಲಿಲ್ಲ.

ಕಾರು ಕಳಿಸಿದವನು ನಾನೇ. ಬೆಳ್ಳಟ್ಟಿಯಲ್ಲಿರುವ ಅಕ್ಕನನ್ನು ನಾಗರ ಪಂಚಮಿಗೆ ತವರಿಗೆ ಕರೆತರಲು. ಒಳ್ಳೆಯ ಕಾರು. ಎ.ಸಿ. ಇತ್ತು. ಡ್ರೈವರ್ ಮಂಜು, ಅಸುಂಡಿಯವನು, ಗೊತ್ತಿದ್ದವನು. ಇದಕ್ಕಿಂತ ಹೆಚ್ಚು ಇನ್ನೇನು ಮಾಡಬೇಕು ಒಬ್ಬ ತಮ್ಮ?

"ಅಕ್ಕ ಎಲ್ಲಿ?" ಎಂದೆ.

"ಬರಂಗಿಲ್ಲ ಅಂದ್ರು ಸರ್."

"ಯಾಕಂತ?"

"ಅದನ್ನ ನಿಮ್ಮನ್ನ ಕೇಳು ಅಂದಾರ್ರಿ."

ಸುದ್ದಿಮನೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿರುತ್ತದೆ ಎಂದು ಯಾವ ಮೂಲವೂ ನನಗೆ ಹೇಳಿರಲಿಲ್ಲ.

ಮಂಜುವಿನ ಹಣೆಯ ಮೇಲೆ ದೊಡ್ಡ ಕುಂಕುಮ ಇತ್ತು. ಹೆಗಲ ಮೇಲೆ ಹೊಸ ಟವೆಲ್. ಬೆಳಿಗ್ಗೆ ಹೋಗುವಾಗ ಎರಡೂ ಇರಲಿಲ್ಲ.

"ಇದೇನೋ?"

"ಅಕ್ಕಾರು ಕೊಟ್ರ್ರಿ. ಕಾಲಿಗಿ ನೀರು ಕೊಟ್ರು. ಮಣಿ ಹಾಕಿ ಕುಂಡರಿಸಿ ಹೋಳಿಗಿ ಊಟ ಮಾಡಿಸಿದ್ರು. 'ಪಂಚಮಿಗಿ ಕರಿಯಾಕ ಬಂದಾವ ನೀನ. ಅಂದ ಮ್ಯಾಲ ತಮ್ಮನೂ ನೀನ' ಅಂದ್ರು. ನಾ ಬ್ಯಾಡಂದೆ ಸರ್. ಕೇಳಲಿಲ್ಲ."

"ಮತ್ತ ಈ ಡಬ್ಬಿ?"

"ಶೇಂಗಾ ಉಂಡಿ ಅದಾವ್ರಿ. ಅವ್ವಾರಿಗೆ ಅಷ್ಟ ಕೊಡು ಅಂದಾರ. ನಿಮ್ಮ ಹೆಸರು ತಗೀಲಿಲ್ರಿ."

ಈ ಅಂಕಣವನ್ನು ತಪ್ಪದೆ ಓದುವವರಿಗೆ (ಇದ್ದೀರಿ ಎಂದು ನಂಬಿದ್ದೇನೆ) ಗೊತ್ತಿದೆ. ಕೆಲವು ವಾರಗಳಿಂದ ಇಲ್ಲಿ ನಮ್ಮ ನಂಬಿಕೆ, ಗುಡಿ, ಹಬ್ಬಗಳ ಪರಿಚಯ ಮಾಡಿಕೊಡುತ್ತಿದ್ದೇನೆ. ಈಗಿನ ಹುಡುಗರಿಗೆ ಏನೂ ಗೊತ್ತಿಲ್ಲ ಎಂಬ ಚಿಂತೆ ನನ್ನದು. ಗದಗಿನ ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳು ಏಕೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಮಣ್ಣಿನಲ್ಲೇ ಏಕೆ ಮಾಡುತ್ತಾರೆ, ಎಲ್ಲ ಬರೆದೆ. ಹೋದ ವಾರ ಪಂಚಮಿಯ ಬಗ್ಗೆ ಬರೆದೆ. ಅಣ್ಣತಮ್ಮಂದಿರಿಗೆ ಹಾವಿನ ಭಯ ಬಾರದಿರಲಿ ಎಂದು ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವ ಹಬ್ಬ ಇದು ಎಂದು ಶುರು ಮಾಡಿ, ನಡುವೆ ಹೀಗೆ ಬರೆದಿದ್ದೆ:

"ಪಂಚಮಿಗೆ ಹೆಣ್ಣುಮಗಳು ತವರಿಗೆ ತಾನಾಗಿ ಬರುವುದಿಲ್ಲ. ತಂದೆಯೋ ಅಣ್ಣನೋ ತಮ್ಮನೋ ಖುದ್ದಾಗಿ ಹೋಗಿ ಕರೆತರಬೇಕು. ಇದಕ್ಕೆ ಪರ್ಯಾಯವಿಲ್ಲ."

ಸಣ್ಣ ವಾಕ್ಯಗಳು. ಗೊಂದಲವಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯ ಕಾಪಿ, ತಿದ್ದಬೇಕಿಲ್ಲದ ಬರಹ. ಓದುಗರು ಫೋನ್ ಮಾಡಿ ಮೆಚ್ಚಿದರು. ಬರೆದವನೊಬ್ಬ ಬಿಟ್ಟು ಉಳಿದವರೆಲ್ಲ ಅದನ್ನು ಗಮನವಿಟ್ಟು ಓದಿದ್ದರು.

ಅಕ್ಕನೂ ಓದಿದ್ದಳು. ಕಾರು ಖಾಲಿ ಬಂದದ್ದು ನೋಡಿ ನಾನು ಫೋನ್ ಮಾಡಿದ ಕೂಡಲೇ ಆ ಮೂರೂ ವಾಕ್ಯ ಓದಿ ಹೇಳಿದಳು. ನಿಧಾನವಾಗಿ, ವಾರ್ತೆ ಓದುವವರಂತೆ.

"ಇದನ್ನ ಬರದಾವ ಯಾರಲೇ ತಮ್ಮಾ? ನಿಮ್ಮ ಪೇಪರ್ನಾಗ ನಿನ್ನ ಹೆಸರಿನಾವ ಇನ್ನೊಬ್ಬ ಅದಾನನು?"

"ಕೆಲಸ ಇತ್ತಕ್ಕಾ."

"ಏನ ಕೆಲಸ?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಲಕ್ಷ್ಮೇಶ್ವರಕ್ಕ ಹೊಂಟೀನಿ. ಸೋಮೇಶ್ವರ ಗುಡಿ ನೋಡಾಕ. ಮುಂದಿನ ವಾರ ಅದರ ಬಗ್ಗೆ ಬರೀಬೇಕು."

ಫೋನಿನ ಆಚೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. (ಅಕ್ಕ ಬೆಳ್ಳಟ್ಟಿಯಲ್ಲಿ ಟೇಲರಿಂಗ್ ಮಾಡುತ್ತಾಳೆ. ಮಷಿನ್ ನಿಲ್ಲಿಸಿ ಮಾತಾಡಿದರೆ ವಿಷಯ ಗಂಭೀರ ಎಂದರ್ಥ.)

"ಲಕ್ಷ್ಮೇಶ್ವರ ತನಕ ಬರ್ತಿ. ಅಲ್ಲಿಂದ ಇಲ್ಲಿಗಿ ಬರಂಗಿಲ್ಲ. ಆ ಗುಡ್ಯಾಗ ಯಾರದಾರ?"

"ಶಿವಪಾರ್ವತಿ. ನಂದಿ ಮ್ಯಾಲ ಕುಂತಿದ್ದು."

"ಪಾರ್ವತಿ ಅಂದ್ರ ಗೌರಿ ಹೌದಲ್ಲೋ? ಗೌರಿ ತವರಿಗಿ ಬಂದಾಗ ಕರಕೊಂಡು ಹೋಗಾಕ ಯಾರ ಬರ್ತಾರ?"

"ಗಣಪತಿ."

"ಗಣಪ್ಪ ತಾನ ಬರ್ತಾನ. ಬರೇ ಇಲಿ ಕಳಸಂಗಿಲ್ಲ."

ಫೋನ್ ಇಟ್ಟಳು.

ಹಬ್ಬಗಳ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಈ ವ್ಯಾಖ್ಯಾನ ಎಲ್ಲೂ ಸಿಕ್ಕಿರಲಿಲ್ಲ.

ನನ್ನ ಪರವಾಗಿಯೂ ಎರಡು ಮಾತು ಹೇಳಬೇಕು. ಅಕ್ಕ ಗದಗಿಗೆ ಬಾರದವಳೇನಲ್ಲ. ಅಸ್ತರು, ದಾರ, ಹುಕ್ಕು ತರಲು ತಿಂಗಳಲ್ಲಿ ಒಂದೆರಡು ಸಲ ಬಸ್ ಹತ್ತಿ ಬರುತ್ತಾಳೆ. ಬಂದವಳು ಮನೆಗೆ ಬಂದು ಅವ್ವನ ಜೊತೆ ಊಟ ಮಾಡಿ ಹೋಗುತ್ತಾಳೆ. ಆಗ ಯಾರೂ ಕರೆಯಲು ಹೋಗುವುದಿಲ್ಲ. ದಾರಕ್ಕೆ ಒಬ್ಬಳೇ ಬರುವವಳು ಹಬ್ಬಕ್ಕೆ ಯಾಕೆ ಬರಬಾರದು? ಲಾಜಿಕ್ ಸರಿ ಇದೆಯಲ್ಲ?

ಈ ಲಾಜಿಕ್ ಅನ್ನು ಅವ್ವನ ಮುಂದೆ ಇಟ್ಟೆ. ಅವ್ವ ಪಡಸಾಲೆಯಲ್ಲಿ ಕೂತು ತಂಬಿಟ್ಟಿನ ಉಂಡೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನ್ನ ಹೆಂಡತಿ ಎಲ್ಲದಾಳ?" ಎಂದಳು.

ನನ್ನ ಹೆಂಡತಿ ಮುಂಡರಗಿಯಲ್ಲಿದ್ದಳು. ಪಾಡ್ಯದ ದಿನ ಬೆಳಿಗ್ಗೆಯೇ ಅವಳ ಅಣ್ಣ ಬೈಕ್ ಮೇಲೆ ಬಂದು ಕರೆದುಕೊಂಡು ಹೋಗಿದ್ದ. ಬಾಗಿಲು ತೆಗೆದವನು ನಾನು. ಚಹಾ ಕೊಟ್ಟವನು ನಾನು. "ಯಾಕ್ರಿ ಇಷ್ಟು ತ್ರಾಸು ತಗೊಂಡ್ರಿ, ಬಸ್ಸಿಗೆ ಕೂಡ್ರಿಸಿ ಕಳಸ್ತಿದ್ದೆ" ಎಂದವನೂ ನಾನೇ. ಅವನು ನನ್ನ ಮುಖವನ್ನೇ ನೋಡಿ ನಕ್ಕಿದ್ದ. ಅವನು ಈವರೆಗೆ ಯಾವ ಅಂಕಣವನ್ನೂ ಬರೆದಿಲ್ಲ.

ಇಷ್ಟು ವರ್ಷ ಈ ಕೆಲಸ ನನಗೆ ಬಂದಿರಲಿಲ್ಲ ಎಂಬುದೂ ನಿಜ. ಅಕ್ಕನನ್ನು ಕರೆಯಲು ಹೋಗುತ್ತಿದ್ದವನು ಅಪ್ಪ. ಹೋದ ವರ್ಷ ಅಪ್ಪ ತೀರಿಕೊಂಡ ದುಃಖಕ್ಕೆ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಅಪ್ಪ ಇಲ್ಲದ ಮೇಲೆ ಮಾಡುತ್ತಿರುವ ಮೊದಲ ಪಂಚಮಿ ಇದು.

ಕೊನೆಯ ಉಂಡೆಯನ್ನು ತಟ್ಟೆಯಲ್ಲಿಟ್ಟು ಅವ್ವ ಹೇಳಿದಳು: "ಅಪ್ಪ ಇರೂತನಕ ತವರು ಇರ್ತೈತಿ, ಅದ್ರಾಗ ದೊಡ್ಡದೇನಿಲ್ಲ. ಅಪ್ಪ ಹೋದ ಮ್ಯಾಲ ಐತೋ ಇಲ್ಲೋ ಅನ್ನೂದು ಪಂಚಮಿಗಿ ಗೊತ್ತಾಕ್ಕೈತಿ. ಆಕಿ ಅದನ್ನ ನೋಡಾಕಹತ್ಯಾಳ."

ತದಿಗೆಯ ದಿನ ಬೆಳಿಗ್ಗೆ ಹೊರಟೆ. ಮಂಜುವಿಗೆ ಫೋನ್ ಮಾಡಲು ಹೋದೆ. "ನಿಮ್ಮಪ್ಪ ಬಸ್ಸಿನ್ಯಾಗ ಹೋಗ್ತಿದ್ದ" ಎಂದು ಅವ್ವ ಕೈಯಲ್ಲಿ ಚೀಲ ಕೊಟ್ಟಳು. ಒಳಗೆ ರವಿಕೆ ಹೊಲಿಸಲು ಒಂದು ಕುಬಸದ ಖಣ, ಹಸಿರು ಬಳೆ, ಅರಳು.

ಶಿರಹಟ್ಟಿಯಲ್ಲಿ ಬಸ್ ಬದಲಿಸಬೇಕು. ಬೆಳ್ಳಟ್ಟಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪಕ್ಕದಲ್ಲಿ ನಿಂತವರ ಕೈಯಲ್ಲೂ ನನ್ನಂಥದೇ ಚೀಲ. ಎಲ್ಲರೂ ಯಾರನ್ನೋ ಕರೆಯಲು ಹೊರಟವರು. ಒಬ್ಬರು ಕೇಳಿದರು: "ತಡಾ ಮಾಡಿದ್ರೆಲ್ಲ? ನಾಳಿನ ಚೌತಿ." ಕೆಲಸ ಇತ್ತು ಎಂದೆ. "ಯಾರಿಗಿಲ್ರಿ ಕೆಲಸ" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಅಕ್ಕನ ಮನೆ ಬಾಗಿಲು ತೆರೆದೇ ಇತ್ತು. ಅವಳು ಮಷಿನ್ ಮುಂದೆ ಕೂತಿದ್ದಳು. ಸುತ್ತ ಬಣ್ಣಬಣ್ಣದ ಕುಬಸಗಳ ರಾಶಿ. ಹಬ್ಬಕ್ಕೆ ಮುಂಚೆ ಎಲ್ಲರಿಗೂ ಹೊಸ ಕುಬಸ ಬೇಕು.

"ಯಾರ ಬೇಕಾಗಿತ್ರಿ?" ಎಂದಳು.

ಅಕ್ಕನ ಗಂಡ, ನಮ್ಮ ಮಾಮಾ, ಕೊಟ್ಟಿಗೆಯ ಕಡೆಯಿಂದ ಬಂದವರು ನನ್ನನ್ನು ನೋಡಿ ಚಂಬು ತುಂಬ ನೀರು ತಂದು ಕೈಗಿತ್ತರು. ನಂತರ ಕೈ ಮುಗಿದು "ನಾ ಇದ್ರಾಗ ಇಲ್ಲಪಾ" ಎಂದು ಬಂದ ದಾರಿಯಲ್ಲೇ ಹೋದರು.

"ಕರಿಯಾಕ ಬಂದೀನಕ್ಕಾ," ಎಂದೆ.

"ನಿನ್ನೆ ಬಂದು ಹೋದ್ನೆಲ್ಲ ತಮ್ಮ. ಚೊಲೋ ಹುಡುಗ. ನಾಕು ಹೋಳಿಗಿ ಉಂಡ."

"ತಪ್ಪಾತು."

"ಪೇಪರ್ನಾಗ ಹಾಕ್ತಿ ಏನು ತಪ್ಪಾತು ಅಂತ?"

(ಹಾಕಿದ್ದೇನೆ. ಓದುತ್ತಿದ್ದೀರಿ.)

ಆಮೇಲೆ ಅವಳು ಮಷಿನ್ ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ಅಪ್ಪ ಬಂದ್ರ ಸೀದಾ ಒಳಗ ಬರ್ತಿರಲಿಲ್ಲ. ಆ ಕಟ್ಟಿ ಮ್ಯಾಲ ಕುಂಡ್ರತಿದ್ದ. ಹೋಗೋ ಬರೋ ಮಂದಿ ಎಲ್ಲಾ ಕೇಳೋರು, ಮಗಳನ್ನ ಕರಿಯಾಕ ಬಂದ್ರ್ಯಾ ಅಂತ. ಹೌದ್ರಿ ಅಂತಿದ್ದ. ನಾ ಇಲ್ಲೇ ಮಷಿನ್ ಮುಂದ ಕುಂತು ಕೇಳ್ತಿದ್ದೆ. ನಿನ್ನೆ ಕಾರ್ ಬಂತು. ಓಣಿ ಮಂದಿ ಓಡಿ ಬಂದ್ರು, ಯಾರ ಬಂದಾರ ಕಸ್ತೂರಿ ಅಂತ. ಏನ ಹೇಳ್ಲಿ ನಾ? ಎ.ಸಿ. ಬಂದೈತಿ ಅಂತ ಹೇಳ್ಲ್ಯಾ?"

ಸಂಬಂಧಪಟ್ಟವರು ಉತ್ತರ ಕೊಡದಿದ್ದರೆ ಸುದ್ದಿಯಲ್ಲಿ "ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ" ಎಂದು ನಾವು ಬರೆಯುತ್ತೇವೆ. ನಾನು ಲಭ್ಯನಿದ್ದೆ. ಅದೇ ಸಮಸ್ಯೆ.

ಚೀಲ ಅವಳ ಮುಂದಿಟ್ಟೆ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಅಂದು ರೊಟ್ಟಿ ಹಬ್ಬ. ಮರುದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಹಾಗಾಗಿ ಹಿಂದಿನ ದಿನವೇ ರೊಟ್ಟಿ ಮಾಡಿ, ಪಲ್ಯ, ಚಟ್ನಿಯ ಜೊತೆ ತಾಟಿನಲ್ಲಿಟ್ಟುಕೊಂಡು ಮನೆಮನೆಗೆ ಬೀರುತ್ತಾರೆ. (ಇದನ್ನೂ ಹೋದ ವಾರ ಬರೆದಿದ್ದೆ. "ನೆರೆಹೊರೆಯ ಬಾಂಧವ್ಯದ ಸಂಕೇತ" ಎಂದಿದ್ದೆ.) ಅಂದರೆ ಓಣಿಯ ಎಲ್ಲ ಹೆಣ್ಣುಮಕ್ಕಳೂ ಅಂದು ಒಮ್ಮೆಯಾದರೂ ಆ ಕಟ್ಟೆಯ ಮುಂದೆ ಹಾದು ಹೋಗಲೇಬೇಕು.

ಹಾದು ಹೋದರು. ಸುಮ್ಮನೆ ಯಾರೂ ಹೋಗಲಿಲ್ಲ.

"ಕಸ್ತೂರಕ್ಕನ ತಮ್ಮಾರನ್ರಿ?"

"ಹೌದ್ರಿ. ಕರಿಯಾಕ ಬಂದೀನಿ."

"ಹಂಗಾರ ನಿನ್ನೆ ಬಂದಾವ್ರು?"

"ಅವರು ಡ್ರೈವರ್ರಿ."

"ಅವ್ರಿಗೆ ಟವೆಲ್ ಕೊಟ್ರೆಲ್ಲ! ನಿಮಗ ಕೊಟ್ರೋ ಇಲ್ಲೋ?"

"ಇನ್ನೂ ಇಲ್ರಿ."

ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಒಳಗಿನಿಂದ ನಗು ಕೇಳುತ್ತಿತ್ತು. ಒಬ್ಬ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಆಕೆಗಾಗಿ "ಅಕ್ಕನ್ನ ಕರಿಯಾಕ ಬಂದೀನಿ" ಎಂದು ಕೂಗಿ ಹೇಳಬೇಕಾಯಿತು. ಓಣಿಯ ಆ ತುದಿಯವರೆಗೂ ಕೇಳಿಸಿತು. ಒಳಗೆ ಮಷಿನ್ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಟವೆಲ್ ಇರಲಿಲ್ಲ. ಕುಬಸಗಳ ಗಂಟು, ಸೂಜಿ, ದಾರ ಇದ್ದವು.

"ಇವಿಷ್ಟು ಕೊಟ್ಟ ಹೊರತು ನಾ ಹೊಂಡಂಗಿಲ್ಲ. ಖಾಲಿ ಕುಂತೀದಿ. ಹುಕ್ಕ ಹಚ್ಚು."

"ಇಲ್ಲೇನ? ಕಟ್ಟಿ ಮ್ಯಾಲ?"

"ಮತ್ತ? ಬೆಳಕ ಚೊಲೋ ಐತಿ."

ಹಚ್ಚಿದೆ. ಈ ಜಿಲ್ಲೆಯ ಜನಕ್ಕೆ ಹಬ್ಬ ಹರಿದಿನಗಳ ಮಹತ್ವ ತಿಳಿಸಿಕೊಡುವ ಜವಾಬ್ದಾರಿ ಹೊತ್ತ ಅಂಕಣಕಾರ, ಬೆಳ್ಳಟ್ಟಿಯ ಒಂದು ಓಣಿಯ ಕಟ್ಟೆಯ ಮೇಲೆ ಕನ್ನಡಕ ಮೂಗಿಗೆ ಇಳಿಸಿಕೊಂಡು ಕುಬಸಕ್ಕೆ ಹುಕ್ಕು ಹಚ್ಚಿದ. ಕುಬಸದ ಒಡತಿಯರೇ ರೊಟ್ಟಿ ತಾಟು ಹಿಡಿದು ಎದುರಿಗೆ ಬಂದು ನಿಂತು "ಗಟ್ಟಿ ಹಚ್ರಿ ಅಣ್ಣಾರ" ಎಂದರು. ಬೆರಳಿಗೆ ಸೂಜಿ ಚುಚ್ಚಿತು. ಅದು ಸುದ್ದಿಯಲ್ಲ.

ಮೊದಲ ಕುಬಸವನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿದಳು.

"ಎರಡೂ ಕಡೆ ಹುಕ್ಕ ಹಚ್ಚೀದೆಲ್ಲೋ. ಸಿಗಸೂದು ಎದಕ್ಕ?"

ಮಾಮಾ ಕೊಟ್ಟಿಗೆಯಲ್ಲೇ ನಕ್ಕ ಸದ್ದು ಕೇಳಿತು. ಇದ್ರಾಗ ಇಲ್ಲ ಎಂದಿದ್ದವರು.

ಅಕ್ಕ ಪಕ್ಕದಲ್ಲೇ ಕೂತಳು. ಒಂದು ಕಡೆಯ ಹುಕ್ಕು ಬಿಚ್ಚಿ, ದಾರದ ಕುಣಿಕೆ ಹೇಗೆ ಹಾಕುವುದೆಂದು ತೋರಿಸಿದಳು. ಮುಂದಿನದನ್ನು ಸರಿಯಾಗಿ ಹಚ್ಚಿದೆ. ಅದರ ಮುಂದಿನದು ಸುಮಾರಾಗಿತ್ತು. ಅಷ್ಟರಲ್ಲಿ ಇನ್ನೊಬ್ಬಾಕೆ ತಾಟು ಹಿಡಿದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕನೇ ಹೇಳಿದಳು.

"ನನ್ನ ತಮ್ಮ. ಕರಿಯಾಕ ಬಂದಾನ."

ಹೊತ್ತು ಮುಳುಗುವ ಮುಂಚಿನ ಬಸ್ ಹಿಡಿದೆವು. ಅವಳ ಚೀಲ ನಾನು ಹೊತ್ತಿದ್ದೆ. ಶಿರಹಟ್ಟಿಯಲ್ಲಿ ಬಸ್ ಬದಲಿಸಿದೆವು. ಆಮೇಲೆ, "ಸೋಮೇಶ್ವರ ಗುಡಿ ಹೆಂಗೈತಿ?" ಎಂದಳು. ನೋಡಲು ಹೋಗಲಿಲ್ಲ, ನಿನ್ನೆ ಕಾರು ಖಾಲಿ ಬಂದಿದ್ದು ನೋಡಿ ಮನೆಯಲ್ಲೇ ಉಳಿದೆ ಎಂದೆ. "ಹಂಗಾರ ಮುಂದಿನ ವಾರ ಏನ ಬರೀತಿ?" ಎಂದಳು. ನೋಡಬೇಕು ಎಂದೆ.

ಚೌತಿಯ ದಿನ ಬೆಳಿಗ್ಗೆ ಮೂವರೂ ಬೆಟಗೇರಿಯ ನಮ್ಮ ಓಣಿಯ ತುದಿಯ ನಾಗರಕಟ್ಟೆಗೆ ಹೋದೆವು. ಅವ್ವ ಅರಳು ಹಾಕಿದಳು. ಅಕ್ಕ ಕೊಬ್ಬರಿ ಬಟ್ಟಲಲ್ಲಿ ಬೆಲ್ಲದ ಹಾಲು ಹಿಡಿದು, ಮನೆಯವರ ಹೆಸರಿನಲ್ಲಿ ಒಬ್ಬೊಬ್ಬರ ಪಾಲು ಹೇಳುತ್ತಾ, ಸ್ವಲ್ಪ ಸ್ವಲ್ಪವೇ ಕಲ್ಲು ನಾಗಪ್ಪನಿಗೆ ಎರೆಯತೊಡಗಿದಳು. ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲು ದೇವರದು, ಆಮೇಲೆ ಅವ್ವ, ಅಪ್ಪ, ಆಮೇಲೆ ನಾನು.

"ದೇವರ ಪಾಲು."

"ಅವ್ವನ ಪಾಲು."

"ಅಪ್ಪನ ಪಾಲು." ಅಪ್ಪ ಇಲ್ಲ. ಪಾಲು ತಪ್ಪಲಿಲ್ಲ. ಅವ್ವ ಕಲ್ಲನ್ನೇ ನೋಡುತ್ತಿದ್ದಳು.

"ಅಸುಂಡಿ ತಮ್ಮನ ಪಾಲು."

ಮಂಜುವಿನದು. ಕಾಯುತ್ತಾ ನಿಂತೆ. ಅಕ್ಕ ಬಟ್ಟಲನ್ನು ವಾರೆ ಮಾಡಿ ನೋಡಿದಳು. ತಳದಲ್ಲಿ ಇನ್ನೂ ಹಾಲು ಇತ್ತು. ನನ್ನ ಕಡೆ ನೋಡಲಿಲ್ಲ.

"ಹುಕ್ಕ ಹಚ್ಚಿದಾವನ ಪಾಲು," ಎಂದು ಉಳಿದದ್ದನ್ನೆಲ್ಲ ಎರೆದಳು.