ಅರ್ಧ ಸೀರೆ

ಮೊನ್ನೆ ಬೀರುವಿನ ಕೆಳಗಿನ ಅರೆ ಒರೆಸುವಾಗ ಹಸಿರು ನೂಲಿನ ಅರ್ಧ ಸೀರೆ ಕೈಗೆ ಸಿಕ್ಕಿತು. ಒಂದು ತುದಿಯಲ್ಲಿ ಸೆರಗು, ಇನ್ನೊಂದು ತುದಿಯಲ್ಲಿ ಹರಿದ ಎಳೆಗಳು. ಎಷ್ಟು ಸಲ ಒಗೆದಿದ್ದರೂ ಮಡಿಕೆಯೊಳಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ. ನನ್ನ ಭ್ರಮೆಯೂ ಇರಬಹುದು...

ಅದನ್ನು ಕೊಟ್ಟವಳನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಮಂಡ್ಯದ ಆಸ್ಪತ್ರೆಯೊಂದರಲ್ಲಿ, ಮಕ್ಕಳ ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕೆಲವು ದಿನ ಜೊತೆಗಿದ್ದೆವು. ಮೂರು ವರ್ಷದ ನನ್ನ ಮಗಳಿಗೆ ನ್ಯುಮೋನಿಯಾ ಏರಿ ಶ್ವಾಸಕೋಶ ಕೈಕೊಟ್ಟಿತ್ತು. ಮದ್ದೂರಿನಿಂದ ಆಂಬುಲೆನ್ಸಿನಲ್ಲಿ ತಂದಿದ್ದೆವು. ಹಲಗೂರಿನ ಕಡೆಯ ಅಕ್ಕನ ಮಗನಿಗೂ ಅದೇ. ಇಬ್ಬರೂ ವೆಂಟಿಲೇಟರಿನಲ್ಲಿ, ಅಕ್ಕಪಕ್ಕದ ಹಾಸಿಗೆ. ಅಕ್ಕ ಬಳೆಗೆ ನಾಲ್ಕು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು, ಯಾರು ಕೇಳಿದರೂ ಒಂದು ತೆಗೆದು ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಡಾಕ್ಟರಮ್ಮ ನಮ್ಮ ಬೆಂಚಿನಲ್ಲೇ ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಹುಡುಗನ ತೂಕ ತೀರಾ ಕಡಿಮೆ, ಬಂದದ್ದು ತಡ, ಕಿಡ್ನಿಯೂ ಸೋಲುತ್ತಿದೆ, ಎಷ್ಟು ಆಕ್ಸಿಜನ್ ಕೊಟ್ಟರೂ ರಕ್ತಕ್ಕೆ ಏರುತ್ತಿಲ್ಲ. ಇವೆಲ್ಲ ಒಟ್ಟಿಗೆ ಬಂದ ಮಕ್ಕಳು ಉಳಿಯುವುದು ಕಷ್ಟ. ಅಕ್ಕ ಒಂದೊಂದಕ್ಕೂ ಒಂದು ಬೆರಳು ಮಡಿಸುತ್ತಾ ಕೇಳಿಸಿಕೊಂಡಳು.

"ಓಗೋ ಮಕ್ಕಳ ಗುರುತೆಲ್ಲ ಏಳಿದ್ರಿ ಡಾಕ್ಟ್ರಮ್ಮ. ನನ್ ಮಗ ಇನ್ನೂ ಉಸ್ರಾಡ್ತಾವ್ನೆ. ಅವನ್ಗೇನ್ ಮಾಡ್ತೀರಿ, ಅದ ಏಳಿ."

ಡಾಕ್ಟರಮ್ಮ ಕೈಯಲ್ಲಿದ್ದ ಚಾರ್ಟನ್ನು ಮತ್ತೆ ತಿರುವಿ ನೋಡಿ, ಇಬ್ಬರು ಮಕ್ಕಳನ್ನೂ ಬೋರಲು ಮಲಗಿಸಿ ನೋಡೋಣ ಎಂದರು. ಹಾಗೆ ಮಲಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶಕ್ಕೂ ಗಾಳಿ ಹೋಗಬಹುದಂತೆ. ಎದೆಯ ಕೆಳಗೆ ಸುತ್ತಿಡಲು ಒಗೆದ ಮೆತ್ತನೆಯ ಬಟ್ಟೆ ಬೇಕೆಂದರು ನರ್ಸ್.

ನಮ್ಮತ್ತೆ ಎದ್ದು ನಿಂತರು. ಬೋರಲು ಹಾಕಿದರೆ ಇರುವ ಉಸಿರೂ ಕಟ್ಟಿಹೋಗುತ್ತದೆ, ಒಪ್ಪಬೇಡ, ಮನೆಗೆ ಕರೆದುಕೊಂಡು ಹೋಗೋಣ, ಏನಾಗುವುದಿದ್ದರೂ ಮನೆಯಲ್ಲೇ ಆಗಲಿ ಎಂದರು. ಅವರೂ ಅಳುತ್ತಲೇ ಹೇಳಿದ್ದು. ನನ್ನ ಗಂಡ ನೆಲ ನೋಡುತ್ತಿದ್ದರು. ನಾನೋ ಕಾನ್ವೆಂಟಿನಲ್ಲಿ ದನಿ ಏರಿಸಬಾರದೆಂದು ಕಲಿತವಳು. ಅತ್ತೆಗೆ ಎದುರಾಡಿದ್ದೇ ಇಲ್ಲ. ಒಪ್ಪಿಗೆ ಪತ್ರ ಮುಂದಿತ್ತು, ಪೆನ್ನು ಕೈಯಲ್ಲಿತ್ತು, ಕೈ ಮಾತ್ರ ಓಡಲಿಲ್ಲ.

ಅಕ್ಕ ಅತ್ತೆಯ ಕಡೆ ತಿರುಗಿದಳು. "ಈ ಕೂಸು ಮೊದ್ಲು ಬೋರಲು ಬಿದ್ದಾಗ ಏನ್ ಮಾಡುದ್ರಿ ಅವ್ವ?"

ಕಜ್ಜಾಯ ಸುಟ್ಟು ಬೀದಿಗೆಲ್ಲ ಹಂಚಿದೆವು ಎಂದರು ಅತ್ತೆ, ಏನೂ ಅರ್ಥವಾಗದೆ.

"ಅವತ್ತು ಕಜ್ಜಾಯ ಅಂಚ್ದೋರು ಇವತ್ತು ಯಾಕ್ ಎದರ್ಕತ್ತೀರಿ? ಕುಂತ್ಕೊಳಿ. ನೀನ್ ಸೈನ್ ಆಕವ್ವ."

ಚೀಲದಿಂದ ಹಸಿರು ಸೀರೆ ತೆಗೆದಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಎರಡು ಮಾಡಿದಳು. ಅರ್ಧ ಅವಳ ಮಗನಿಗೆ, ಅರ್ಧ ನನ್ನ ಮಗಳಿಗೆ. ನಾನು ಸೈನ್ ಹಾಕಿದೆ.

ಸಂಜೆಯ ಹೊತ್ತಿಗೆ ಮಗಳ ಆಕ್ಸಿಜನ್ ಮೆಲ್ಲಗೆ ಏರಿತು. ಹುಡುಗನದೂ ಏರಿತು. ಎರಡು ದಿನ ಅಕ್ಕ ನರ್ಸುಗಳನ್ನೆಲ್ಲ ನಿಲ್ಲಿಸಿ ಮಗನ ಸುದ್ದಿ ಕೇಳಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವನದು ಇಳಿಯಿತು, ಮತ್ತೆ ಏರಲಿಲ್ಲ...

ಅವನನ್ನು ಆ ಅರ್ಧ ಸೀರೆಯಲ್ಲೇ ಸುತ್ತಿ ಎತ್ತಿಕೊಂಡು ಹೊರಟಳು. ಗೇಟಿನವರೆಗೆ ಜೊತೆಗೆ ಹೋದೆ. ಅಲ್ಲಿ ನನ್ನ ಕಡೆ ತಿರುಗಿ ಹೇಳಿದಳು: "ನಾನಾಗಿ ಬುಡ್ಲಿಲ್ಲ ಕಣವ್ವ. ನೀನೂ ಬುಡಬ್ಯಾಡ."

ಊರು ಯಾವುದೆಂದು ಸರಿಯಾಗಿ ಕೇಳಿಕೊಳ್ಳಲೂ ಇಲ್ಲ. ಹಲಗೂರಿನ ಮೇಲೆ ಬಸ್ಸಿನಲ್ಲಿ ಹೋದಾಗಲೆಲ್ಲ ನಿಂತ ಹೆಂಗಸರ ಬಳೆಗಳನ್ನು ನೋಡುತ್ತೇನೆ, ಪಿನ್ನು ಇವೆಯೇ ಎಂದು.

ಮೊನ್ನೆ ಅತ್ತೆ ಬಟ್ಟೆಯ ಗುರುತು ಹಿಡಿದರು. ಮಗು ಹೋದ ಮನೆಯದು ನಮಗೇಕೆ, ಒಲೆಗೆ ಹಾಕು ಎಂದರು.

"ಇಲ್ಲ ಅತ್ತೆ. ಇದು ಇಲ್ಲೇ ಇರುತ್ತೆ."

ದನಿ ಏರಿತ್ತು. ಇಳಿಸಲಿಲ್ಲ. ಒಳಗೆ ಆರನೇ ಕ್ಲಾಸಿನ ಮಗಳು ಪುಸ್ತಕದ ಮೇಲೆ ಬೋರಲು ಬಿದ್ದು ನಿದ್ದೆ ಹೋಗಿದ್ದಳು. ಸೀರೆಯ ಇನ್ನರ್ಧ ಹಲಗೂರಿನ ಕಡೆ ಎಲ್ಲೋ ಮಣ್ಣಿನಲ್ಲಿದೆ. ಈ ಅರ್ಧವನ್ನು ಮಡಿಸಿ ಬೀರುವಿನ ಮೇಲಿನ ಅರೆಯಲ್ಲಿ, ನನ್ನ ಧಾರೆ ಸೀರೆಯ ಪಕ್ಕದಲ್ಲಿಟ್ಟೆ.