ಖಾಲಿ ಖೋಲಿ ಹುಡುಕುವ ರಾಮಲಿಂಗ

ಬೆಳಗಿನ ಆರು ಗಂಟೆ. ಖಾನಾಪುರದ ಮನೆಯ ಕಟ್ಟೆಯ ಮೇಲೆ ಕುಳಿತು ರಾಮಲಿಂಗ ಕಂಪ್ಯೂಟರಿನೊಳಗೆ ಕೂಡಿಸುವ ಒಂದು ಮೆಮರಿ ಪಟ್ಟಿಯ ಹೊಳೆಯುವ ಅಂಚನ್ನು ಶಾಲೆಮಕ್ಕಳ ರಬ್ಬರಿನಿಂದ ತಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಬಸವಪ್ರಸಾದ. ಹುಟ್ಟಿನಿಂದ ಕಣ್ಣು ಕಾಣದ ಯುವಕ. ನಾಳೆ ಹತ್ತಕ್ಕೆ ಬೆಳಗಾವಿಯ ಹಿಂದವಾಡಿಯ ಕಚೇರಿಯೊಂದರಲ್ಲಿ ಅವನಿಗೆ ಟೈಪಿಂಗ್ ಪರೀಕ್ಷೆ. ಲ್ಯಾಪ್‌ಟಾಪ್ ತನ್ನದೇ ತರಬೇಕು. ಪರದೆಯ ಅಕ್ಷರ ಓದಿ ಹೇಳುವ ಸಾಫ್ಟ್‌ವೇರ್ ನಡುವೆ ತಡವರಿಸಿದರೆ ಕೆಲಸ ಕೈತಪ್ಪಿತೆಂದೇ ಲೆಕ್ಕ. ಕೊಳ್ಳುವುದು ಇವತ್ತೇ ಆಗಬೇಕು.

ಹೆಸರಿಗೆ ರಾಮಲಿಂಗ ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಂದು ಮೆಟ್ಟಿಲಡಿ ಕಂಪ್ಯೂಟರ್ ರಿಪೇರಿ ಮಾಡುವವರು. ಆದರೆ ದಿನಕ್ಕೆ ಮೂರು ನಾಲ್ಕು ಮಂದಿ ‘ಯಾವುದು ತಗೊಳ್ಳಲಿ’ ಎಂದು ಕೈಹಿಡಿದು ಎಳೆದೊಯ್ಯುತ್ತಾರೆ. ಅದಕ್ಕೆ ಕೂಲಿಯಿಲ್ಲ, ಚಹಾ ಸಿಕ್ಕರೆ ಪುಣ್ಯ. ತಂದೆ ಬೀರಣ್ಣ ಹಲ್ಲು ನೋಡದೆ ಕುರಿ ಕೊಂಡವರಲ್ಲ. ಮಗ ತಳದ ಮುಚ್ಚಳ ಬಿಚ್ಚದೆ ಲ್ಯಾಪ್‌ಟಾಪ್ ಕೊಡಿಸುವುದಿಲ್ಲ. “ಮ್ಯಾಲ ಬರದದ್ದು ಇವತ್ತಿಂದು ರೀ. ಒಳಗ ಮೆಮರಿ ಹಾಕಾಕ ಖಾಲಿ ಖೋಲಿ ಐತಿಲ್ಲೋ, ಅದು ನಾಳಿದು,” ಎನ್ನುತ್ತಾರೆ.

ಅಂಗಡಿಯವರ ಎದುರು ಮಾತ್ರ ತುಟಿ ಬಿಚ್ಚುವುದಿಲ್ಲ. ರಿಪೇರಿ ಕೆಲಸ ಕಳಿಸುವವರೇ ಅವರು, ಹೊಟ್ಟೆಪಾಡು ನೋಡಿ! ಅದಕ್ಕೇ ಕುರಿಸಂತೆಯ ದಲಾಲರಂತೆ ಟವೆಲಿನ ಕೆಳಗೆ ಗಿರಾಕಿಯ ಬೆರಳು ಒತ್ತಿ ಹೇಳುತ್ತಾರೆ. ಖಾಲಿ ಖೋಲಿ ಎಷ್ಟೋ ಅಷ್ಟು ಬೆರಳು.

ಬೆಳಗಾವಿಯಲ್ಲಿ ಬಾಳಾಸಾಹೇಬರ ಅಂಗಡಿ. ಒಂದೇ ಬೆಲೆಯ ಎರಡು ಹಳೆಯ ಲ್ಯಾಪ್‌ಟಾಪ್ ಮೇಜಿನ ಮೇಲಿವೆ. ಮೊದಲನೆಯದರ ಚೀಟಿಯಲ್ಲಿ 256 ಎಂಬಿ ಮೆಮರಿ, ಎರಡನೆಯದರಲ್ಲಿ 128. ಉಳಿದದ್ದೆಲ್ಲ ಸರಿಸುಮಾರು ಒಂದೇ. “ಡಬಲ್ ಐತಿ ತಮ್ಮಾ, ಇನ್ನೇನ್ ವಿಚಾರ ಮಾಡ್ತಿ?” ಎನ್ನುತ್ತಾರೆ ಬಾಳಾಸಾಹೇಬ.

ರಾಮಲಿಂಗ ಎರಡರ ತಳವನ್ನೂ ಬಿಚ್ಚುತ್ತಾರೆ. ಮೊದಲನೆಯದರ 256ರಲ್ಲಿ 64ನ್ನು ಪರದೆಯೇ ನುಂಗುತ್ತದೆ. ಉಳಿದದ್ದು ಸಾಫ್ಟ್‌ವೇರಿಗೆ ಸಾಲದು, ಹೆಚ್ಚಿಸಲು ಜಾಗವೂ ಇಲ್ಲ. ಎರಡನೆಯದರಲ್ಲಿ ಒಂದು ಖೋಲಿ ಖಾಲಿ. ಬೆಳಿಗ್ಗೆ ತಿಕ್ಕಿ ತಂದ 256ರ ಪಟ್ಟಿ ಕೂಡಿಸಿದರೆ 384. ಟವೆಲಿನ ಕೆಳಗೆ ಬಸವಪ್ರಸಾದನ ಒಂದು ಬೆರಳು ಒತ್ತುತ್ತಾರೆ.

“ಮೊದಲನೇದ ಕೊಡ್ರಿ,” ಎಂದುಬಿಡುತ್ತಾನೆ ಅವನು.

ಒಂದು ಬೆರಳೆಂದರೆ ಒಂದನೆಯದು ಎಂದುಕೊಂಡಿದ್ದಾನೆ ಪುಣ್ಯಾತ್ಮ! ತಪ್ಪು ರಾಮಲಿಂಗ ಅವರದೇ. ತಮ್ಮ ಬೆರಳಿನ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಿರಲಿಲ್ಲ. ಬಾಳಾಸಾಹೇಬ ಆಗಲೇ ರಸೀದಿ ಬರೆಯುತ್ತಿದ್ದಾರೆ. ಮತ್ತೆ ಬೆರಳು ಒತ್ತೋಣವೆಂದರೆ ಹುಡುಗ ಕೈ ಎಳೆದುಕೊಂಡು ದುಡ್ಡು ತೆಗೆಯುತ್ತಿದ್ದಾನೆ. ರಾಮಲಿಂಗ ರಸೀದಿ ಪುಸ್ತಕದ ಅಂಚಿನ ಮೇಲೆ ಕೈ ಇಡುತ್ತಾರೆ.

“ಅದು ಬ್ಯಾಡ. ಎರಡನೇದು ಕೊಡ್ರಿ.”

ಬಾಳಾಸಾಹೇಬರ ಪೆನ್ನು ನಿಲ್ಲುತ್ತದೆ. “ಯಾರ ಬಾಜೂ ಅದಿ ನೀ? ಇನ್ನ ನನ್ನ ಅಂಗಡಿ ಕೆಲಸ ನಿನಗಿಲ್ಲ ನೋಡು.”

“ಹೂಂ ರೀ,” ಎನ್ನುತ್ತಾರೆ ರಾಮಲಿಂಗ. ತಿಂಗಳ ಅರ್ಧ ಕೆಲಸ ಬರುವುದು ಅದೇ ಅಂಗಡಿಯಿಂದ. ಎರಡನೆಯದರ ಖಾಲಿ ಖೋಲಿಗೆ ಪಟ್ಟಿ ಕೂಡಿಸುತ್ತಾರೆ. ಯಂತ್ರ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಬಾಳಾಸಾಹೇಬ ನಗುತ್ತಾರೆ. ಕಿತ್ತು, ಒತ್ತಿ, ಮತ್ತೆ ಕೂಡಿಸಿದಾಗ ಪರದೆಯ ಮೇಲೆ 384 ಮೂಡುತ್ತದೆ.

“ತ್ರಾಸ ಆಗ್ತೈತಿ, ಸುಳ್ಳ್ಯಾಕ ಹೇಳಲಿ,” ಎನ್ನುತ್ತಾರೆ ರಾಮಲಿಂಗ ಹೊರಗೆ ಬಂದ ಮೇಲೆ. “ಆದ್ರ ಕಣ್ಣಿದ್ದ ನಾನ ನೋಡಿ ಸುಮ್ಮನಿದ್ರ ಹ್ಯಾಂಗೋ?”

ಮರುದಿನ ಮಧ್ಯಾಹ್ನ ಒಂದೂವರೆಗೆ ಮೆಟ್ಟಿಲಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಬರುತ್ತದೆ. ಕೆಲಸ ಸಿಕ್ಕಿತೇ ಎಂದು ಕೇಳುವ ಧೈರ್ಯ ರಾಮಲಿಂಗ ಅವರಿಗಿಲ್ಲ.

“ಯಂತ್ರ ಎಲ್ಲ್ಯಾರ ತಡವರಿಸ್ತೇನೋ?”

“ಯಂತ್ರ ಇಲ್ಲರೀ ಅಣ್ಣಾ,” ಎನ್ನುತ್ತಾನೆ ಬಸವಪ್ರಸಾದ. “ನಾಳಿಂದ ಬಾ ಅಂದ್ರು ನೋಡ್ರಿ, ಆಗ ನಾನ ತಡವರಿಸಿದೆ.”